ಫಡಕೆ, ವಾಸುದೇವ ಬಲವಂತ (1845–1883)

ಬ್ರಿಟಿಷ್ ಆಳ್ವಿಕೆಯನ್ನು ಕಿತ್ತೊಗೆಯಲು 1879ರಲ್ಲಿ ದಖನ್ನಿನಲ್ಲಿ ಸಶಸ್ತ್ರ ಬಂಡಾಯ ಎಬ್ಬಿಸಿದ ದಂಡಿನ ನಾಯಕ. ಮರಾಠಿಯಲ್ಲಿ ಈತನಿಗೆ ‘ಆದ್ಯ ಕ್ರಾಂತಿಕಾರಕ’ ಎಂಬ ಬಿರುದು ನಿಂತಿದೆ. ಇತಿಹಾಸಕಾರ ಆರ್. ಸಿ. ಮಜುಮ್ದಾರ್ ಈತನನ್ನು ಭಾರತದ ಉಗ್ರ ರಾಷ್ಟ್ರೀಯತೆಯ ಜನಕನೆಂದು ಕರೆದ. ಸರ್ಕಾರದ ಕಾಗದಗಳಲ್ಲಿ ಮಾತ್ರ ಈತ ದರೋಡೆಕೋರರ ಮುಖಂಡ. ಇವೆರಡು ಹೆಸರುಗಳ ನಡುವಿನ ಜಗಳ ಈತ ಬದುಕಿದ್ದಾಗಲೇ ಶುರುವಾಗಿತ್ತು. ಹುಟ್ಟಿದ್ದು ಇಂದಿನ ನವಿ ಮುಂಬಯಿಯ ಅಂಚಿನಲ್ಲಿ, ಸಿಕ್ಕಿಬಿದ್ದದ್ದು ಕನ್ನಡದ ನೆಲದಲ್ಲಿ, ಸತ್ತದ್ದು ಕಡಲಾಚೆಯ ಏಡನ್‌ನಲ್ಲಿ.

ಜನನ 1845ರ ನವೆಂಬರ್ 4ರಂದು, ಪನ್ವೇಲ್ ತಾಲೂಕಿನ ಶಿರಢೋಣದ ಚಿತ್ಪಾವನ ಬ್ರಾಹ್ಮಣ ಮನೆತನದಲ್ಲಿ. ಪನ್ವೇಲ್ ಈಗ ರಾಯಗಡ ಜಿಲ್ಲೆಯಲ್ಲಿದೆ, ಆಗ ಠಾಣೆ ಜಿಲ್ಲೆಗೆ ಸೇರಿತ್ತು. ಠಾಣೆ, ಕಲ್ಯಾಣ, ಡೊಂಬಿವಲಿಗಳಿಂದ ಉಡುಪಿ, ಮಂಗಳೂರುಗಳಿಗೆ ಬಸ್ಸಿನಲ್ಲಿ ಹೋಗಿಬರುವ ಕನ್ನಡಿಗರಿಗೆ ಈ ದಾರಿ ಹೊಸದಲ್ಲ. ಪಳಸ್ಪೆ ಫಾಟಾದಲ್ಲಿ ಬಸ್ಸು ಗೋವಾ ಹೆದ್ದಾರಿಗೆ ಹೊರಳಿದ ಮೇಲೆ ಶಿರಢೋಣ ಬರುತ್ತದೆ. ಅದನ್ನು ದಾಟಿದರೆ ಹೆಬ್ಬೆರಳು ಎತ್ತಿ ನಿಲ್ಲಿಸಿದಂಥ ಕಲ್ಲಿನ ಕಂಬ ನೆತ್ತಿಯ ಮೇಲಿರುವ ಕರ್ನಾಳಾ ಕೋಟೆ, ಅದರ ಬುಡದಲ್ಲಿ ಹಕ್ಕಿಗಳ ಅಭಯಾರಣ್ಯ. ಅಜ್ಜ ಅನಂತರಾವ್ ಆ ಕೋಟೆಯ ಕಿಲ್ಲೇದಾರನಾಗಿದ್ದ. 1818ರಲ್ಲಿ ಪೇಶ್ವೆಯ ರಾಜ್ಯ ಮುಳುಗುವ ಹೊತ್ತಿಗೆ ಕರ್ನಾಳಾ ಕರ್ನಲ್ ಪ್ರೋಥರ್‌ನ ಪಡೆಗೆ ಶರಣಾಯಿತು. ಮನೆಯ ಅಂಗಳದಿಂದ ಕಾಣುವ ಗುಡ್ಡದ ಮೇಲೆ ಅಜ್ಜನ ಸೋಲನ್ನು ದಿನವೂ ನೋಡುತ್ತ ಬೆಳೆದ ಹುಡುಗ ಇವನು.

ಕಲ್ಯಾಣದಲ್ಲೂ ಮುಂದೆ ಮುಂಬಯಿ, ಪುಣೆಗಳಲ್ಲೂ ಶಾಲೆ ಕಲಿತದ್ದುಂಟು, ಆದರೆ ಮನಸ್ಸು ಓದಿಗಿಂತ ಕುಸ್ತಿ, ಕುದುರೆ ಸವಾರಿಗಳ ಕಡೆಗಿತ್ತು. ಪುಣೆಯಲ್ಲಿ ಸೇನೆಯ ಲೆಕ್ಕಪತ್ರ ಇಲಾಖೆಯಲ್ಲಿ ಗುಮಾಸ್ತನಾಗಿ ಹದಿನೈದು ವರ್ಷದಷ್ಟು ಕಾಲ ದುಡಿದ. ಅಲ್ಲಿ ಸಿಕ್ಕ ಗುರು ಲಹೂಜಿ ವಸ್ತಾದ್ ಸಾಳ್ವೆ. ಮಾಂಗ ಜಾತಿಯಲ್ಲಿ ಹುಟ್ಟಿದ ಈ ಪೈಲವಾನನ ತಾಲೀಮಿನಲ್ಲಿ ಜ್ಯೋತಿರಾವ್ ಫುಲೆಯೂ ಕಸರತ್ತು ಮಾಡಿದ್ದರು. ಬ್ರಾಹ್ಮಣ ಗುಮಾಸ್ತನೊಬ್ಬ ಅಸ್ಪೃಶ್ಯ ಉಸ್ತಾದನ ಮುಂದೆ ಮಟ್ಟಿ ಮೈಗೆ ಬಳಿದುಕೊಂಡು ನಿಂತದ್ದು ಆ ಕಾಲದ ಪುಣೆಯಲ್ಲಿ ಸಣ್ಣ ಸಂಗತಿಯಲ್ಲ. ಮುಂದೆ ಈತ ರಾಮೋಶಿ ಸಮುದಾಯದವರ ನಡುವೆ ಹೋಗಿ ಕೂಡಲು ಬೇಕಾದ ಧೈರ್ಯ ಆ ಮಟ್ಟಿಯಲ್ಲೇ ಬಂದಿರಬೇಕು.

ತಾಯಿ ಹಾಸಿಗೆ ಹಿಡಿದಾಗ ರಜೆ ಕೇಳಿದರೆ ಮೇಲಧಿಕಾರಿಗಳು ಕೊಡಲಿಲ್ಲ. ರಜೆಯಿಲ್ಲದೆಯೇ ಊರಿಗೆ ಓಡಿದ, ಅಷ್ಟರಲ್ಲಿ ತಾಯಿ ತೀರಿಕೊಂಡಿದ್ದಳು. ಮರುವರ್ಷ ವರ್ಷಾಂತಿಕದ ಶ್ರಾದ್ಧಕ್ಕೂ ರಜೆ ಸಿಗಲಿಲ್ಲ. ಜೀವನಚರಿತ್ರೆಗಳೆಲ್ಲ ಬಂಡಾಯದ ಬೀಜ ಇಲ್ಲಿದೆ ಎನ್ನುತ್ತವೆ. ಇದ್ದೀತು. ಆದರೆ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ದೇಶದ ಸಂಪತ್ತು ಸೋರಿಹೋಗುತ್ತಿರುವ ಬಗ್ಗೆ ಕೊಟ್ಟ ಉಪನ್ಯಾಸಗಳೂ ‘ಸಾರ್ವಜನಿಕ ಕಾಕಾ’ ಗಣೇಶ ವಾಸುದೇವ ಜೋಶಿಯವರ ಸ್ವದೇಶಿ ಚಳವಳಿಯೂ ಈತನ ಮೇಲೆ ಅಷ್ಟೇ ಕೆಲಸ ಮಾಡಿದವು. ವಾಮನ ಪ್ರಭಾಕರ ಭಾವೆ, ಲಕ್ಷ್ಮಣ ನರಹರ ಇಂದಾಪುರಕರ ಅವರೊಡನೆ ಸೇರಿ ಕಟ್ಟಿದ ಶಿಕ್ಷಣ ಸಂಸ್ಥೆ ಇಂದಿಗೂ ಮಹಾರಾಷ್ಟ್ರ ಎಜುಕೇಶನ್ ಸೊಸೈಟಿ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಯುವಕರನ್ನು ಒಗ್ಗೂಡಿಸಲು ‘ಐಕ್ಯವರ್ಧಿನಿ ಸಭಾ’ ಸ್ಥಾಪಿಸಿದ. ತನ್ನ ಭಾಷಣಕ್ಕೆ ತಾನೇ ತಾಟು ಬಡಿಯುತ್ತ ಪುಣೆಯ ಪೇಟೆಗಳಲ್ಲಿ ಡಂಗುರ ಸಾರುತ್ತಿದ್ದನಂತೆ. ಕಚೇರಿ ಬಿಟ್ಟ ಸಂಜೆ ಒಬ್ಬ ಸರ್ಕಾರಿ ಗುಮಾಸ್ತ ಹೀಗೆ ಬೀದಿಯಲ್ಲಿ ತಾಟು ಬಡಿಯುತ್ತ ಹೋಗುವುದನ್ನು ಊಹಿಸಿಕೊಂಡರೆ ಆತನ ಸ್ವಭಾವ ಅರ್ಧ ತಿಳಿದಂತೆ.

ಮಾತು ಬಿಟ್ಟು ಕತ್ತಿ ಹಿಡಿಯುವಂತೆ ಮಾಡಿದ್ದು ಬರ. 1876ರಿಂದ 1878ರ ತನಕ ದಕ್ಷಿಣವನ್ನು ಸುಟ್ಟ ಈ ಕ್ಷಾಮವನ್ನು ಮೈಸೂರು ಸೀಮೆಯವರು ಧಾತು–ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಾರೆ. ಮುಂಬಯಿ ಪ್ರಾಂತದಲ್ಲಿ ಕಲಾದಗಿ, ಸೊಲ್ಲಾಪುರ, ಪುಣೆ ಜಿಲ್ಲೆಗಳು ತತ್ತರಿಸಿದವು. ಪರಿಹಾರ ಕಾಮಗಾರಿಯ ಕೂಲಿಯನ್ನು ಸರ್ ರಿಚರ್ಡ್ ಟೆಂಪಲ್ ಇಳಿಸಿದ್ದ: ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಒಂದಿಷ್ಟು ಚಿಲ್ಲರೆ. ಅಂದರೆ ಅರ್ಧ ಕಿಲೋ ಕಾಳೂ ಇಲ್ಲ. ಅದೇ ಟೆಂಪಲ್ 1877ರಲ್ಲಿ ಮುಂಬಯಿಯ ಗವರ್ನರ್ ಆದ. ಬರಪೀಡಿತ ಊರುಗಳನ್ನು ಸುತ್ತಿ ಬಂದ ಫಡಕೆಗೆ ಈ ರಾಜ್ಯ ಅರ್ಜಿಗಳಿಗೆ ಬಗ್ಗುವುದಲ್ಲ ಎಂಬುದು ಖಚಿತವಾಗಿತ್ತು.

ಮೊದಲು ಕೇಳಿದ್ದು ಓದಿದವರನ್ನೂ ಸಿರಿವಂತರನ್ನೂ. ಅವರು ಕಿವಿಗೊಟ್ಟರು, ಕೈಗೊಡಲಿಲ್ಲ. ಆಗ ರಾಮೋಶಿಗಳ ಕಡೆಗೆ ತಿರುಗಿದ. ಕಾವಲು ಕಾಯುವ, ಕಾವಲು ತಪ್ಪಿದರೆ ಕೊಳ್ಳೆ ಹೊಡೆಯುವ ಈ ಜನರ ಉಮಾಜಿ ನಾಯಕನನ್ನು ಕಂಪನಿ ಸರ್ಕಾರ 1832ರಲ್ಲಿ ಗಲ್ಲಿಗೇರಿಸಿತ್ತು. ಮುಧೋಳ ಸೀಮೆಯ ಹಲಗಲಿ ಬೇಡರು 1857ರಲ್ಲಿ ಆಯುಧ ಒಪ್ಪಿಸುವುದಿಲ್ಲವೆಂದು ಹೂಡಿದ ಹೋರಾಟವನ್ನು ಬಲ್ಲ ಕನ್ನಡ ಓದುಗರಿಗೆ ರಾಮೋಶಿಗಳ ಛಲ ಅಪರಿಚಿತವೆನಿಸದು. ಕೋಳಿ, ಭಿಲ್ಲ, ಧನಗರರೂ ದಂಡಿನಲ್ಲಿದ್ದರು. ಯೋಜನೆ ಕಾಗದದ ಮೇಲೆ ಚೊಕ್ಕವಾಗಿತ್ತು: ಸಾಹುಕಾರರ ಹಣ ಎತ್ತುವುದು, ಆ ಹಣದಲ್ಲಿ ಪಡೆ ಬೆಳೆಸುವುದು, ಅಂಚೆ, ತಂತಿಗಳನ್ನು ಕಡಿಯುವುದು, ಜೈಲು ಒಡೆದು ಕೈದಿಗಳನ್ನು ಸೇರಿಸಿಕೊಳ್ಳುವುದು.

1879ರ ಫೆಬ್ರವರಿ ಕೊನೆಯ ವಾರದಲ್ಲಿ ಶಿರೂರು ತಾಲೂಕಿನ ಧಾಮಾರಿಯ ಮೇಲೆ ಮೊದಲ ದಾಳಿ. ಸಿಕ್ಕ ನಗದು ಕೆಲವೇ ನೂರು ರೂಪಾಯಿ. ಇಡೀ ಬಂಡಾಯದ ಒಡಕು ಆ ಗಂಟಿನಲ್ಲೇ ಇತ್ತು. ನಾಯಕನಿಗೆ ಅದು ಯುದ್ಧದ ಬಂಡವಾಳ, ಬರದಲ್ಲಿ ಬೆಂದು ಬಂದ ಆಳಿಗೆ ಅದು ಮನೆಯ ಜೋಳ. ಹಂಚಿಕೆಯಾದ ಮೇಲೆ ಹಣ ಊರಿಗೆ ಹೋಗುತ್ತಿತ್ತು, ಹಣದ ಹಿಂದೆಯೇ ಆಳೂ ಹೋಗುತ್ತಿದ್ದ. ಮುಂದಿನ ದಾಳಿಗೆ ಮತ್ತೆ ಹೊಸ ಆಳು, ಹೊಸ ಆಳಿಗೆ ಮತ್ತೆ ಹಣ. ಬೇಸತ್ತ ಫಡಕೆ ಏಪ್ರಿಲ್ ಸುಮಾರಿಗೆ ಶ್ರೀಶೈಲಕ್ಕೆ ಹೋಗಿ ಮಲ್ಲಿಕಾರ್ಜುನನ ಸನ್ನಿಧಿಯಲ್ಲಿ ಪ್ರಾಣ ಬಿಡುವ ಯೋಚನೆ ಮಾಡಿದ್ದೂ ಆತ್ಮಕಥನ ಬರೆದದ್ದೂ ಈ ನಿರಾಶೆಯಲ್ಲೇ. ತನ್ನವರು ಲೂಟಿಗಷ್ಟೇ ಬಂದರೆಂಬ ಕಹಿ ಆ ಬರಹದಲ್ಲಿದೆ. ಕಹಿಗೆ ಕಾರಣವಿತ್ತು. ಆದರೆ ಹಸಿದವನನ್ನು ಹಣದ ಆಸೆ ತೋರಿಸಿ ಕರೆತಂದ ಮೇಲೆ ಹಣ ಕೇಳಿದನೆಂದು ಬೈಯುವುದರಲ್ಲಿ ಅಷ್ಟು ನ್ಯಾಯ ಕಾಣುವುದಿಲ್ಲ.

ಮೇ ತಿಂಗಳಲ್ಲಿ ಬಂಡಾಯ ಈತನ ಹುಟ್ಟೂರಿನ ಬಾಗಿಲಿಗೇ ಬಂತು. ಬಲಗೈಯಂತಿದ್ದ ದೌಲತರಾವ್ ನಾಯಕ ಘಟ್ಟ ಇಳಿದು ಪಳಸ್ಪೆ, ಚಿಖಲಿ ಗ್ರಾಮಗಳನ್ನು ಲೂಟಿ ಮಾಡಿದ. ಅದು ಇಡೀ ಬಂಡಾಯದ ಅತಿ ದೊಡ್ಡ ಕೊಳ್ಳೆ. ಆದರೆ ಹೊರೆ ಹೊತ್ತ ದಂಡು ಬೇಗ ನಡೆಯಲಾರದು. ಘಟ್ಟ ಹತ್ತಿ ಮರಳುವಾಗ ಬ್ರಿಟಿಷ್ ಅಧಿಕಾರಿ ಮೇಜರ್ ಡ್ಯಾನಿಯಲ್‌ನ ತುಕಡಿ ಮೇಲೆ ಬಿತ್ತು, ದೌಲತರಾವ್ ಗುಂಡಿಗೆ ಸತ್ತ. ಅಲ್ಲಿಗೆ ಫಡಕೆಯ ಸೇನೆಯ ಬೆನ್ನು ಮುರಿಯಿತು.

ಮೇ 13ರಂದು ಪುಣೆಯಲ್ಲಿ ಬುಧವಾರ ವಾಡೆ, ವಿಶ್ರಾಮಬಾಗ್ ವಾಡೆಗಳಿಗೆ ಬೆಂಕಿ ಬಿತ್ತು. ಅದೂ ಫಡಕೆಯ ಕೈವಾಡವೆಂದೇ ಗುಲ್ಲೆದ್ದಿತು. ಬೆಂಕಿ ಬೇರೆಯವರದು. ಆದರೂ ಸಂಶಯದ ಹೊಗೆ ರಾನಡೆಯವರ ತನಕ ಹಬ್ಬಿ, ಅವರನ್ನು ಧುಳೆಗೆ ವರ್ಗ ಮಾಡಲಾಯಿತು. ಫಡಕೆಯ ತಲೆಗೆ ಸರ್ಕಾರ ಬಹುಮಾನ ಸಾರಿದರೆ, ಈತ ಗವರ್ನರ್ ಟೆಂಪಲ್‌ನ ತಲೆಗೆ ತಾನೂ ಬೆಲೆ ಕಟ್ಟಿ ಭಿತ್ತಿಪತ್ರ ಅಂಟಿಸಿದ. ಕೆಲ ದಿನ ಪುಣೆ ನಗರವನ್ನೇ ವಶದಲ್ಲಿಟ್ಟುಕೊಂಡಿದ್ದನೆಂಬ ಮಾತು ಅಲ್ಲಲ್ಲಿ ಅಚ್ಚಾಗಿದೆ. ಕೈಯಲ್ಲಿದ್ದ ಆಳುಗಳ ಲೆಕ್ಕ ನೋಡಿದರೆ ಅದು ಅಭಿಮಾನದ ಮಾತು.

ಕೊನೆಯ ಪ್ರಯತ್ನ ನಿಜಾಮನ ಸೀಮೆಯಲ್ಲಿ. ರೋಹಿಲರನ್ನು ಕೂಲಿಗೆ ಹಿಡಿದು ಹೊಸ ಪಡೆ ಕಟ್ಟುವ ಮಾತುಕತೆ ನಡೆಯುತ್ತಿರುವಾಗಲೇ ಸುಳಿವು ಹೊರಬಿತ್ತು. ಹಿಂದೆ ಮೇಜರ್ ಡ್ಯಾನಿಯಲ್, ಜತೆಗೆ ನಿಜಾಮನ ಪೊಲೀಸ್ ಅಧಿಕಾರಿ ಅಬ್ದುಲ್ ಹಕ್. ಮಳೆಗಾಲದಲ್ಲಿ ಭೀಮಾ ತೀರದ ಸೀಮೆಯಲ್ಲಿ ಓಡಿ ಓಡಿ ಜ್ವರ ಬಂದಿದ್ದ ಫಡಕೆ ಕಲಾದಗಿ ಜಿಲ್ಲೆಯ ದೇವರ ನಾವದಗಿಯ ಗುಡಿಯೊಂದರಲ್ಲಿ ಮಲಗಿದ್ದ. (ಕಲಾದಗಿ ಮುಂದೆ ಬಿಜಾಪುರ ಜಿಲ್ಲೆಯಾಯಿತು. ಊರು ಈಗ ವಿಜಯಪುರ ಜಿಲ್ಲೆಯಲ್ಲಿ, ಹಳೆಯ ಸಿಂದಗಿ ಸೀಮೆಯಲ್ಲಿದೆ.) 1879ರ ಜುಲೈ 20ರ ನಸುಕಿನಲ್ಲಿ ಡ್ಯಾನಿಯಲ್ ನಿದ್ದೆಯಲ್ಲಿದ್ದವನ ಎದೆಯ ಮೇಲೆ ಬೂಟುಗಾಲಿಟ್ಟು ಎಬ್ಬಿಸಿದನೆಂದೂ, ಎಚ್ಚೆತ್ತ ಫಡಕೆ ಕತ್ತಿಗೆ ಕತ್ತಿ ಆಗಲಿ ಬಾ ಎಂದು ಕರೆದನೆಂದೂ, ಮೇಜರ್ ಒಲ್ಲೆನೆಂದನೆಂದೂ ಕಥೆಯಿದೆ. ಬಂಡಾಯದ ಆಯುಸ್ಸು ಫೆಬ್ರವರಿಯಿಂದ ಜುಲೈವರೆಗೆ, ಐದು ತಿಂಗಳು.

ಪುಣೆಯ ಸಂಗಮದ ಬಳಿ ಸೆರೆವಾಸ, ನವೆಂಬರ್‌ನಲ್ಲಿ ಸೆಷನ್ಸ್ ನ್ಯಾಯಾಲಯದ ತೀರ್ಪು. ವಕಾಲತ್ತು ಹಿಡಿದದ್ದು ಅದೇ ಸಾರ್ವಜನಿಕ ಕಾಕಾ. ಆದರೆ ಸಾಕ್ಷಿ ನುಡಿದದ್ದು ಆರೋಪಿಯ ಕೈಬರಹವೇ. ದಿನಚರಿ, ಆತ್ಮಕಥನಗಳನ್ನು ಪೊಲೀಸರು ವಶಪಡಿಸಿಕೊಂಡಿದ್ದರು. ದರೋಡೆಯಷ್ಟೇ ಆಗಿದ್ದರೆ ಅದು ಬೇರೆ ಮಾತು, ರಾಜ್ಯದ ಮೇಲೆ ಯುದ್ಧ ಹೂಡುವ ಉದ್ದೇಶವನ್ನು ಆತನೇ ಬರೆದಿಟ್ಟಿದ್ದ. ಜೀವಾವಧಿ ಕರಿನೀರಿನ ಶಿಕ್ಷೆಯಾಯಿತು.

ಗಡೀಪಾರಿಗೆ ಮುನ್ನ ಇರಿಸಿದ್ದು ಠಾಣೆ ಜೈಲಿನಲ್ಲಿ. ಪೋರ್ಚುಗೀಸರು 1730ರಲ್ಲಿ ಕಟ್ಟತೊಡಗಿ, 1737ರಲ್ಲಿ ಮರಾಠರಿಗೆ, 1774ರಲ್ಲಿ ಇಂಗ್ಲಿಷರಿಗೆ ಸೇರಿದ ಕೋಟೆಯೇ ಈ ಜೈಲು. ಕೋಳಿ ಬಂಡಾಯದ ರಾಘೋಜಿ ಭಾಂಗರೆಯನ್ನು 1848ರಲ್ಲಿ ಗಲ್ಲಿಗೇರಿಸಿದ್ದು ಇಲ್ಲೇ. ಹುಟ್ಟಿದ ಜಿಲ್ಲೆಯ ಮುಖ್ಯ ಪಟ್ಟಣಕ್ಕೆ ಫಡಕೆ ಬೇಡಿಯಲ್ಲಿ ಬಂದ. ಅಂಡಮಾನಿಗೆ ಕಳಿಸಿದರೆ ಅಲ್ಲಿನ ಕೈದಿಗಳನ್ನೂ ಎಬ್ಬಿಸಿಯಾನೆಂಬ ಅಂಜಿಕೆಯೋ ಏನೋ, 1880ರ ಜನವರಿಯಲ್ಲಿ ಹಡಗು ಹತ್ತಿಸಿದ್ದು ಏಡನ್‌ಗೆ. ಆಗ ಏಡನ್ ಮುಂಬಯಿ ಪ್ರಾಂತದ ಆಡಳಿತಕ್ಕೇ ಒಳಪಟ್ಟಿತ್ತು.

ಏಡನ್‌ನ ಒಂಟಿ ಕೋಣೆಯಿಂದಲೂ ಒಮ್ಮೆ ಪರಾರಿಯಾದ. ಸರಳು ಕೊಯ್ಯಲಿಲ್ಲ, ಗೋಡೆ ಕೊರೆಯಲಿಲ್ಲ. ಬಾಗಿಲನ್ನೇ ತಿರುಗಣಿಯಿಂದ ಎತ್ತಿ ಕಳಚಿ ಹೊರಬಿದ್ದ. ತಾಲೀಮಿನ ಮೈ ಇನ್ನೂ ಅಷ್ಟು ಉಳಿದಿತ್ತು. ಆದರೆ ಸುತ್ತ ಬೋಳು ಬಂಡೆ, ಗೊತ್ತಿಲ್ಲದ ಭಾಷೆ, ಅಡಗಲು ಒಂದು ಗುಡಿಯೂ ಇಲ್ಲದ ನಾಡು. ಬೇಗನೆ ಹಿಡಿದು ತಂದರು. 1883ರ ಫೆಬ್ರವರಿ 17ರಂದು ಜೈಲಿನಲ್ಲೇ ತೀರಿಕೊಂಡ. ಅನ್ನ ಬಿಟ್ಟು ಪ್ರಾಣತ್ಯಾಗ ಮಾಡಿದನೆಂದು ಒಂದು ಹೇಳಿಕೆ, ಕ್ಷಯದಿಂದ ಸತ್ತನೆಂದು ಇನ್ನೊಂದು. ವಯಸ್ಸು ಮೂವತ್ತೇಳು.

ಭಾರತೀಯ ಅಂಚೆ ಇಲಾಖೆ 1984ರಲ್ಲಿ ಈತನ ಅಂಚೆಚೀಟಿ ತಂದಿತು. ಗಜೇಂದ್ರ ಅಹಿರೆ ನಿರ್ದೇಶನದ ಮರಾಠಿ ಚಿತ್ರ 2007ರಲ್ಲಿ ತೆರೆಕಂಡಿತು. ಮುಂಬಯಿಯ ಮೆಟ್ರೋ ಚಿತ್ರಮಂದಿರದ ಎದುರಿನ ಚೌಕಕ್ಕೂ ಪನ್ವೇಲಿನ ನಾಟ್ಯಗೃಹಕ್ಕೂ ಈತನ ಹೆಸರಿದೆ. ಪೊಲೀಸರ ಕೈಯಿಂದ ನ್ಯಾಯಾಲಯದ ಕಡತ ಸೇರಿದ್ದ ಆ ಆತ್ಮಕಥನವೇ ಇಂದು ಈತನ ಬಗ್ಗೆ ಬರೆಯುವವರೆಲ್ಲರ ಮುಖ್ಯ ಆಧಾರ.