ಕಿರಿದಾದ ಸ್ನಾನಗೃಹ: ಉಳಿಸಿದ ಸ್ಥಳದ ಇತಿಹಾಸ

ಮನೆಯ ಇತಿಹಾಸವನ್ನು ಬರೆಯುವವರು ಹಜಾರ, ಅಂಗಳ, ಅಡಿಗೆಮನೆ, ದೇವರಮನೆಗಳ ವಿಷಯವನ್ನು ವಿಸ್ತಾರವಾಗಿ ನಿರೂಪಿಸಿ, ಬಚ್ಚಲಿನ ಬಾಗಿಲಿಗೆ ಬಂದಾಗ ಎರಡು ವಾಕ್ಯಗಳಲ್ಲಿ ಮಾತು ಮುಗಿಸುವುದು ವಾಡಿಕೆ. ಆ ಸಂಕೋಚ ಅರ್ಥವಾಗತಕ್ಕದ್ದೇ. ಆದರೆ ಚರಿತ್ರೆಯ ಅಭ್ಯಾಸಿಗೆ ಅದರಿಂದ ನಷ್ಟವುಂಟು. ನಗರಗಳು ಬೆಳೆದು ನೆಲ ದುಬಾರಿಯಾದಂತೆ ಬಹುವಾಗಿ ಬಿಗಿದು ಕಟ್ಟಲ್ಪಟ್ಟ ಕೋಣೆ ಇದು. ನೀರು, ಕೊಳವೆ, ಕೂಲಿ, ಕಾಯಿದೆ ಇವೆಲ್ಲವೂ ಕೆಲವೇ ಚದರ ಅಡಿಗಳಲ್ಲಿ ಸಂಧಿಸುವ ಕೋಣೆಯೂ ಇದೇ. ಕಿರಿದಾದ ಸ್ನಾನಗೃಹದಲ್ಲಿ ಸ್ಥಳವನ್ನು ಉಳಿಸಿದಾಗ ಆ ಉಳಿತಾಯದ ಬೆಲೆಯನ್ನು ತೆತ್ತವರು ಯಾರು ಎಂಬ ಒಂದೇ ಪ್ರಶ್ನೆಯನ್ನು ನಾವು ಇಲ್ಲಿ ಎತ್ತಿಕೊಂಡಿದ್ದೇವೆ. ಮೊದಲು ನ್ಯೂಯಾರ್ಕ್ ಮತ್ತು ಟೋಕಿಯೋ ನಗರಗಳನ್ನೂ ಕಡೆಯಲ್ಲಿ ನಮ್ಮ ಬೆಂಗಳೂರನ್ನೂ ನೋಡೋಣ.

ನ್ಯೂಯಾರ್ಕಿನ ಬಾಡಿಗೆ ವಠಾರಗಳ ಸ್ಥಿತಿಯನ್ನು ಪರಿಶೀಲಿಸಲು ೧೮೯೪ರಲ್ಲಿ ನೇಮಕವಾದ ಸಮಿತಿಯು ೨,೫೫,೦೩೩ ಜನರ ವಾಸದ ವಿವರಗಳನ್ನು ಕಲೆಹಾಕಿತು. ಅವರಲ್ಲಿ ತಾವಿರುವ ಕಟ್ಟಡದೊಳಗೇ ಸ್ನಾನಗೃಹದ ಅನುಕೂಲವಿದ್ದವರು ೩೦೬ ಮಂದಿ ಮಾತ್ರ. ಈ ಅಂಕಿಯನ್ನು ಮೊದಲ ಸಲ ಓದಿದಾಗ ಮುದ್ರಣದೋಷವಿರಬಹುದೆಂದು ನಮಗೆ ಅನಿಸಿತ್ತು. ಆದರೆ ದೋಷವೇನೂ ಇಲ್ಲ. ಶೌಚಗೃಹಗಳು ಹಿತ್ತಿಲಿನಲ್ಲಿದ್ದವು, ನೀರನ್ನು ಹೊತ್ತು ಮಹಡಿ ಹತ್ತಬೇಕಾಗಿತ್ತು. ೧೯೦೧ರ ವಠಾರ ಕಾಯಿದೆಯು ಹೊಸ ಕಟ್ಟಡಗಳಲ್ಲಿ ಸಂಸಾರಕ್ಕೊಂದು ಶೌಚಗೃಹವನ್ನು ಕಡ್ಡಾಯಗೊಳಿಸಿತು. ಹಳೆಯ ಕಟ್ಟಡಗಳಲ್ಲಿ ಎರಡು ಸಂಸಾರಗಳಿಗೆ ಒಂದಾದರೂ ಇರತಕ್ಕದ್ದೆಂದು ವಿಧಿಸಿತು. ೧೮೬೩ರಲ್ಲಿ ಕಟ್ಟಿದ, ಇಂದು ವಸ್ತುಸಂಗ್ರಹಾಲಯವಾಗಿರುವ ಆರ್ಚರ್ಡ್ ಬೀದಿಯ ೯೭ನೆಯ ಸಂಖ್ಯೆಯ ವಠಾರದಲ್ಲಿ ಈ ಕಾಯಿದೆಯ ಪರಿಣಾಮವನ್ನು ಕಣ್ಣಾರೆ ಕಾಣಬಹುದು. ಅಲ್ಲಿ ಒಂದೊಂದು ಅಂತಸ್ತಿನ ನಾಲ್ಕು ಬಿಡಾರಗಳಿಗೆ ಎರಡು ಶೌಚಗೃಹಗಳನ್ನು ನಡುವೆ ತುರುಕಿದ್ದಾರೆ.

ಕಾಯಿದೆ ಶೌಚದ ಮಾತನ್ನಾಡಿತೇ ಹೊರತು ಹಳೆಯ ವಠಾರಗಳಲ್ಲಿ ಸ್ನಾನಕ್ಕೆ ಪ್ರತ್ಯೇಕ ಕೋಣೆಯನ್ನು ಒದಗಿಸಲಿಲ್ಲ. ಆದುದರಿಂದ ಅನೇಕ ಬಿಡಾರಗಳಲ್ಲಿ ಸ್ನಾನದ ತೊಟ್ಟಿಯು ಅಡಿಗೆಮನೆಯಲ್ಲಿಯೇ ನೆಲೆಸಿತು. ಕಾರಣ ಸರಳ: ನೀರಿನ ಕೊಳವೆ ಅಲ್ಲಿಯವರೆಗೆ ಮಾತ್ರ ಬಂದಿತ್ತು, ಒಲೆಯೂ ಅಲ್ಲಿಯೇ ಇತ್ತು. ತೊಟ್ಟಿಯ ಮೇಲೊಂದು ಮುಚ್ಚಳವನ್ನಿಟ್ಟರೆ ಅದೇ ಹಗಲೆಲ್ಲ ಮೇಜು. ಅದರ ಮೇಲೆ ತರಕಾರಿ ಹೆಚ್ಚುವುದು, ಊಟ ಮಾಡುವುದು; ಸ್ನಾನದ ಸರದಿ ಬಂದಾಗ ಎಲ್ಲವನ್ನೂ ಎತ್ತಿಟ್ಟು ಮುಚ್ಚಳ ತೆಗೆಯುವುದು. ಸ್ಥಳದ ಸದುಪಯೋಗಕ್ಕೆ ಇದಕ್ಕಿಂತ ಜಾಣತನದ ನಿದರ್ಶನ ಸಿಗಲಾರದೆಂದು ವಾಸ್ತುಶಿಲ್ಪಿಗಳು ಹೊಗಳಬಹುದು. ಆದರೆ ಆ ಮೇಜನ್ನು ಬರಿದುಮಾಡಿ ಮತ್ತೆ ಜೋಡಿಸುವ ಕೆಲಸ ಮನೆಯ ಹೆಂಗಸಿನ ಪಾಲಿಗೆ ಬರುತ್ತಿತ್ತೆಂಬುದನ್ನೂ, ಮೀಯುವವರಿಗೆ ಮರೆಯೆಂಬುದೇ ಇರಲಿಲ್ಲವೆಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು. ಕೋಣೆಯೊಂದನ್ನು ಉಳಿಸಿದವನು ಕಟ್ಟಡದ ಒಡೆಯ; ಅದಕ್ಕೆ ಬೆಲೆ ತೆತ್ತದ್ದು ಅವಳ ದುಡಿಮೆ ಮತ್ತು ಎಲ್ಲರ ಮಾನ.

ಅಮೆರಿಕದ ಮಧ್ಯಮವರ್ಗದ ಸ್ನಾನಗೃಹವು ಬೇರೊಂದು ದಾರಿ ಹಿಡಿಯಿತು. ೧೯೨೦ರ ಸುಮಾರಿಗೆ ಎನಾಮಲು ಲೇಪಿಸಿದ ಏಕಖಂಡದ ಎರಕದ ತೊಟ್ಟಿಯು ಕಾರ್ಖಾನೆಗಳಿಂದ ಅಗ್ಗವಾಗಿ ಬರತೊಡಗಿತು. ಅದರ ಉದ್ದ ಐದಡಿ. ಆದಕಾರಣ ಕೋಣೆಯ ಅಗಲವೂ ಐದಡಿಯಾಯಿತು! ತೊಟ್ಟಿಯನ್ನು ಕೊನೆಯ ಗೋಡೆಗೆ ಒತ್ತಿ, ಶೌಚಪೀಠವನ್ನೂ ಬೇಸಿನ್ನನ್ನೂ ಪಕ್ಕದ ಒಂದೇ ಗೋಡೆಗೆ ಸಾಲಾಗಿ ಜೋಡಿಸಿದರೆ, ನೀರು ಬರುವ ಮತ್ತು ಹೋಗುವ ಕೊಳವೆಗಳೆಲ್ಲ ಒಂದೇ ಗೋಡೆಯಲ್ಲಿ ಅಡಗುತ್ತವೆ. ಅದೇ ಗೋಡೆಯ ಹಿಂದೆ ಅಡಿಗೆಮನೆಯ ತೊಳೆಯುವ ತೊಟ್ಟಿಯನ್ನಿಟ್ಟರೆ ಇನ್ನೂ ಲಾಭ. ಐದಡಿಗೆ ಏಳೆಂಟಡಿಯ ಆ ಕೋಣೆಯ ಅಳತೆ ಹುಟ್ಟಿದ್ದು ಮನುಷ್ಯನ ಕೈಕಾಲುಗಳ ಚಲನೆಯಿಂದಲ್ಲ, ಕೊಳವೆಯ ಮಿತವ್ಯಯದಿಂದ. ೧೯೪೮ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಸೀಗ್‌ಫ್ರೀಡ್ ಗೀಡಿಯನ್ ಅವರು ಸ್ನಾನದ ಯಾಂತ್ರೀಕರಣಕ್ಕೆ ದೀರ್ಘವಾದ ಭಾಗವನ್ನೇ ಮೀಸಲಿಟ್ಟು, ರೋಮನರ ಮತ್ತು ಇಸ್ಲಾಮೀ ನಾಡುಗಳ ಸಾಮೂಹಿಕ ಸ್ನಾನದ ಎದುರಿಗೆ ಈ ಇಕ್ಕಟ್ಟಾದ ಕೋಣೆಯನ್ನು ನಿಲ್ಲಿಸಿ ತೂಗಿದ್ದಾರೆ. ಕಾರ್ನೆಲ್ ವಿಶ್ವವಿದ್ಯಾನಿಲಯದ ಅಲೆಕ್ಸಾಂಡರ್ ಕೀರಾ ಅವರು ೧೯೬೬ರಲ್ಲಿ ಪ್ರಕಟಿಸಿದ ಅಧ್ಯಯನವು ಇನ್ನೂ ನೇರವಾದದ್ದು. ಬಗ್ಗುವ, ಕೂರುವ, ಏಳುವ ದೇಹವನ್ನು ಅಳೆದು ನೋಡಿ, ಬಳಕೆಯಲ್ಲಿದ್ದ ಸಾಧನಗಳು ಆ ದೇಹಕ್ಕೆ ಒಗ್ಗುವಂತಿಲ್ಲವೆಂದು ಅವರು ತೋರಿಸಿದರು. ಅಲ್ಲಿ ಬೆಲೆ ತೆತ್ತದ್ದು ಮೀಯುವವನ ಬೆನ್ನು, ಮುಖ್ಯವಾಗಿ ವೃದ್ಧರ ಬೆನ್ನು.

ಕೋಣೆಯೊಳಗೆ ಸಾಧನಗಳನ್ನು ಜೋಡಿಸುವ ಬದಲು ಕೋಣೆಯನ್ನೇ ಒಂದು ಸಾಧನವಾಗಿ ಎರಕ ಹೊಯ್ದರೆ ಹೇಗೆ? ಬಕ್‌ಮಿನ್‌ಸ್ಟರ್ ಫುಲ್ಲರ್ ಅವರು ೧೯೩೮ರಲ್ಲಿ ಅರ್ಜಿ ಹಾಕಿ ೧೯೪೦ರಲ್ಲಿ ಹಕ್ಕುಪತ್ರ ಪಡೆದ ಸ್ನಾನಗೃಹದ ತತ್ತ್ವ ಇದೇ. ಲೋಹದ ತಗಡನ್ನು ಅಚ್ಚೊತ್ತಿ ಮಾಡಿದ ನಾಲ್ಕು ಭಾಗಗಳು. ಕಿರಿದಾದ ಮೆಟ್ಟಿಲುಗಳಲ್ಲಿ ಹೊತ್ತು ಸಾಗಿಸಿ ಒಳಗೆ ಜೋಡಿಸಬಹುದಾದಷ್ಟು ಹಗುರ. ಒಟ್ಟು ವಿಸ್ತಾರ ಸುಮಾರು ಐದಡಿಗೆ ಐದಡಿ. ಮೂಲೆಗಳೆಲ್ಲ ದುಂಡಾಗಿದ್ದುದರಿಂದ ಕೊಳೆ ನಿಲ್ಲುವಂತಿರಲಿಲ್ಲ. ಆದರೂ ಹನ್ನೆರಡರಷ್ಟು ಮಾತ್ರ ತಯಾರಾಗಿ ಆ ಯೋಜನೆ ನಿಂತುಹೋಯಿತು. ಕೊಳಾಯಿ ಕೆಲಸಗಾರರ ವಿರೋಧದ ಅಂಜಿಕೆಯೇ ಇದಕ್ಕೆ ಕಾರಣವೆಂದು ಹೇಳುವುದುಂಟು. ಒಂದು ಗೋಡೆಯ ಮುಂದೆ ದಿನಗಟ್ಟಲೆ ದುಡಿದು ಸಂಪಾದಿಸುತ್ತಿದ್ದವರಿಗೆ ಕೆಲವೇ ಗಂಟೆಗಳಲ್ಲಿ ಕೂಡಿಸುವ ಕೋಣೆ ಹಿತವೆನಿಸದಿದ್ದರೆ ಅದರಲ್ಲಿ ಆಶ್ಚರ್ಯವೇನು?

ಅಮೆರಿಕದಲ್ಲಿ ಕೈಗೂಡದ ಆ ತತ್ತ್ವ ಜಪಾನಿನಲ್ಲಿ ಕೈಗೂಡಿತು. ೧೯೬೪ರ ಅಕ್ಟೋಬರಿನಲ್ಲಿ ಟೋಕಿಯೋ ಒಲಿಂಪಿಕ್ ಕ್ರೀಡಾಕೂಟ ನಡೆಯಬೇಕಾಗಿತ್ತು. ಸಾವಿರಕ್ಕೂ ಮೀರಿದ ಕೊಠಡಿಗಳ, ಹದಿನೇಳು ಅಂತಸ್ತುಗಳ ಹೋಟೆಲ್ ನ್ಯೂ ಒಟಾನಿ ಅಷ್ಟರೊಳಗೆ ಸಿದ್ಧವಾಗಬೇಕಾಗಿತ್ತು. ಪ್ರತಿಯೊಂದು ಸ್ನಾನಗೃಹದಲ್ಲಿಯೂ ಗಾರೆಯವನು, ಕೊಳಾಯಿಯವನು, ಬಿಲ್ಲೆ ಹಾಸುವವನು, ಬಡಗಿ ಇವರು ಒಬ್ಬರಾದ ಮೇಲೊಬ್ಬರು ಬಂದು, ಒಂದೊಂದು ಪದರ ಒಣಗುವವರೆಗೆ ಕಾದು ಕೆಲಸ ಮಾಡಿದ್ದರೆ ಕ್ರೀಡೆಗಳು ಮುಗಿದುಹೋಗುತ್ತಿದ್ದವು. ಟೋಟೋ ಸಂಸ್ಥೆಯು ಕಾರ್ಖಾನೆಯಲ್ಲಿ ತಯಾರಿಸಿದ ಸ್ನಾನಗೃಹಗಳನ್ನು ಕಟ್ಟಡಕ್ಕೆ ಎತ್ತಿ ಕೂಡಿಸುವ ಉಪಾಯದಿಂದ ಗಡುವು ಉಳಿಯಿತು. ಸೆಪ್ಟೆಂಬರಿನಲ್ಲಿ ಹೋಟೆಲು ತೆರೆಯಿತು.

ತರುವಾಯ ಈ ಪದ್ಧತಿ ಜಪಾನಿನ ಮನೆಗಳಿಗೂ ಹಬ್ಬಿತು. ಆದರೆ ಅಲ್ಲಿ ಒಂದು ಮುಖ್ಯ ಭೇದವನ್ನು ವಾಚಕರು ಗಮನಿಸಬೇಕು. ಜಪಾನೀಯರು ತೊಟ್ಟಿಯೊಳಗೆ ಮೈ ತೊಳೆಯುವುದಿಲ್ಲ. ಹೊರಗೆ ಕುಳಿತು ತೊಳೆದುಕೊಂಡು, ಬಳಿಕ ಬಿಸಿನೀರಿನಲ್ಲಿ ಮುಳುಗಿ ಕುಳಿತುಕೊಳ್ಳುತ್ತಾರೆ. ಹೀಗಾಗಿ ಅವರ ತೊಟ್ಟಿ ಗಿಡ್ಡ, ಆದರೆ ಆಳ. ಕೋಣೆಯ ನೆಲವೆಲ್ಲ ನೀರು ಬೀಳುವ ನೆಲ. ಶೌಚಗೃಹ ಸಾಮಾನ್ಯವಾಗಿ ಪ್ರತ್ಯೇಕ. ‘೧೬೧೬’ ಎಂದು ಅಲ್ಲಿ ಹೆಸರು ಪಡೆದ ಕೋಣೆಯು ೧.೬ ಮೀಟರಿಗೆ ೧.೬ ಮೀಟರು, ‘೧೨೧೬’ ಇನ್ನೂ ಕಿರಿದು. ಅಷ್ಟರಲ್ಲಿಯೇ ಮೈ ತೊಳೆಯಲೂ ಮುಳುಗಿ ಕೂರಲೂ ಎಡೆಯಿದೆ. ಸಾಧನಗಳನ್ನು ಕುಗ್ಗಿಸಿದ್ದರಿಂದ ದೊರೆತದ್ದಕ್ಕಿಂತ ಹೆಚ್ಚಿನ ಸ್ಥಳ ನೆಲವನ್ನೇ ಸಾಧನವಾಗಿಸಿದ್ದರಿಂದ ದೊರೆಯಿತೆಂಬುದು ನಮ್ಮ ಅಭಿಪ್ರಾಯ.

ಈ ಮಾತು ಕನ್ನಡಿಗರಿಗೆ ಹೊಸದಾಗಿ ಕೇಳಿಸದು. ನಮ್ಮ ಬಚ್ಚಲುಮನೆಯ ರಹಸ್ಯವೂ ಇಳಿಜಾರಾದ ನೆಲವೇ. ಒಂದು ಮೂಲೆಯಲ್ಲಿ ಒಲೆಯ ಮೇಲೆ ಹಂಡೆ, ಪಕ್ಕದಲ್ಲಿ ತಣ್ಣೀರು, ಕೂರಲು ಮಣೆ, ಕೈಗೊಂದು ಚೊಂಬು. ಚೆಲ್ಲಿದ ನೀರು ತೂಬಿನಿಂದ ಹೊರಟು ಹಿತ್ತಿಲಿನ ಬಾಳೆಯ ಬುಡಕ್ಕೆ. ಶೌಚಗೃಹವಂತೂ ಬಚ್ಚಲಿನಿಂದ ದೂರ. ೧೮೯೮ರ ಪ್ಲೇಗಿನ ತರುವಾಯ ವೇಗವಾಗಿ ಬೆಳೆದ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಲ್ಲಿ ಮನೆಗಳ ಸಾಲಿನ ಹಿಂದೆ ಕಿರಿದಾದ ಓಣಿಗಳನ್ನು ಬಿಟ್ಟಿದ್ದರು. ಆರೋಗ್ಯದೃಷ್ಟಿಯ ನಗರಯೋಜನೆಯೆಂದು ಅದನ್ನು ಮೆಚ್ಚಿ ಬರೆಯುವುದು ರೂಢಿ. ನಾವೂ ಹಿಂದೆ ಹಾಗೆಯೇ ಪಾಠ ಹೇಳಿದವರು. ಮನೆಯೊಳಗಿನ ಜಾಗವೂ ಮಡಿಯೂ ಕೆಡದಂತೆ ಶೌಚಗೃಹವನ್ನು ಹಿತ್ತಿಲಿನ ಅಂಚಿಗೆ ಸರಿಸಲು ಸಾಧ್ಯವಾದದ್ದು, ಆ ಓಣಿಯಲ್ಲಿ ಬಂದು ಮಲವನ್ನು ಹೊತ್ತು ಒಯ್ಯಲು ಕೆಲವು ಜಾತಿಗಳ ಜನರನ್ನು ಕಟ್ಟಿಹಾಕಿದ್ದರಿಂದ. ಆ ಓಣಿಯೇ ಅವರ ರಾಜಮಾರ್ಗ. ಮುಂಬಾಗಿಲು ಅವರಿಗೆ ತೆರೆಯುತ್ತಿರಲಿಲ್ಲ.

ಒಳಚರಂಡಿ ಬಂದ ಮೇಲೆ ಶೌಚಪೀಠ ಮನೆಯೊಳಕ್ಕೆ ಬಂತು. ನಿವೇಶನಗಳು ಇಪ್ಪತ್ತಡಿಗೆ ಮೂವತ್ತಡಿಯಷ್ಟು ಕುಗ್ಗಿದಾಗ ಅದು ಬಚ್ಚಲಿನೊಳಗೇ ಸೇರಿ, ಇಂದಿನ ನಾಲ್ಕಡಿ ಅಗಲದ ‘ಅಟ್ಯಾಚ್ಡ್ ಬಾತ್‌ರೂಮು’ ಹುಟ್ಟಿತು. ಇದರಲ್ಲಿ ಬಚ್ಚಲಿನ ಇಳಿಜಾರು ನೆಲ ಉಳಿದಿದೆ, ಅಮೆರಿಕದ ಒಂದೇ ಗೋಡೆಯ ಕೊಳವೆಯೂ ಸೇರಿದೆ. ಹಂಡೆ ಹೋಗಿ ಅದರ ಸ್ಥಾನದಲ್ಲಿ ಗೀಜರು ಗೋಡೆ ಹತ್ತಿದೆ. ಸಾಲದ್ದಕ್ಕೆ ಶೌಚಪೀಠದ ಸುತ್ತ ಸದಾ ಒದ್ದೆ. ಮನೆಯ ಹಿರಿಯರು ಜಾರಿ ಬೀಳುವುದು ಅಲ್ಲಿಯೇ. ಜಪಾನೀಯರು ಬೇರೆಯಾಗಿಟ್ಟ ಎರಡನ್ನು ಒಂದುಗೂಡಿಸಿದ್ದರ ಫಲವಿದು.

ಮಲ ಹೊರಿಸುವುದನ್ನು ನಿಷೇಧಿಸುವ ಕೇಂದ್ರ ಕಾಯಿದೆ ೧೯೯೩ರಲ್ಲಿ ಬಂತು. ಒಳಚರಂಡಿ ಮತ್ತು ಮಲಗುಂಡಿಗಳ ಅಪಾಯಕರ ಶುಚಿಗೆಲಸವನ್ನೂ ಒಳಗೊಂಡ ಇನ್ನೊಂದು ಕಾಯಿದೆ ೨೦೧೩ರಲ್ಲಿ ಬಂತು. ಅದರ ತರುವಾಯವೂ ಗುಂಡಿಗಿಳಿದ ಕಾರ್ಮಿಕರು ಸತ್ತ ಸುದ್ದಿಗಳು ನಿಂತಿಲ್ಲ. ಮಲ್ಲೇಶ್ವರದ ಹಿತ್ತಿಲ ಓಣಿಗಳಲ್ಲಿ ಕೆಲವು ಇಂದಿಗೂ ಉಳಿದಿವೆ. ನಮ್ಮ ವಿದ್ಯಾರ್ಥಿಗಳು ಹಳೆಯ ಮನೆಗಳ ಮುಂಭಾಗದ ಚಿತ್ರ ತೆಗೆಯಲು ಹೋದಾಗ ಆ ಓಣಿಗಳಲ್ಲಿಯೂ ಒಮ್ಮೆ ನಡೆದು, ಹಿಂದಿನ ಗೋಡೆಗಳನ್ನೂ ಅಳೆದು ಬರಬೇಕೆಂದು ನಮ್ಮ ಕೋರಿಕೆ.