ಕೆಂಪು ಹೂದಾನಿ ಮತ್ತು ಶ್ರೀರಂಗಪಟ್ಟಣದ ಬಯಕೆ

ಜರ್ಮನಿಯ ಡ್ರೆಸ್ಡೆನ್ ನಗರದ ಜ್ವಿಂಗರ್ ಅರಮನೆಯಲ್ಲಿರುವ ಪಿಂಗಾಣಿ ಸಂಗ್ರಹಾಲಯ ಯೂರೋಪಿನ ಆದಿಕಾಲದ ಕೆಂಪು ಶಿಲಾಮೃತ್ತಿಕೆಯ ಪಾತ್ರೆಗಳನ್ನು ಕಾಪಾಡಿಕೊಂಡು ಬಂದಿದೆ. ಅವುಗಳಲ್ಲಿನ ಹೂದಾನಿಗಳ ಬಣ್ಣ ನಮ್ಮ ಮಂಡ್ಯದ ಆಲೆಮನೆಯಲ್ಲಿ ಅಚ್ಚಿನಿಂದ ಕಳಚಿದ ಕರಿಬೆಲ್ಲದ್ದು. ಮೈಮೇಲೆ ಗಾಜಿನ ಲೇಪವಿಲ್ಲ. ರತ್ನಕ್ಕೆ ಸಾಣೆ ಹಿಡಿದಂತೆ ಉಜ್ಜಿ ಬರಿಸಿದ ಹೊಳಪೇ ಅವುಗಳ ಆಭರಣ. ಮದ್ದೂರು ಸಂತೆಯಲ್ಲಿ ಕೊಂಡ ಗಡಿಗೆ ನೀರನ್ನು ಒಸರಿಸಿ ತಂಪು ನೀಡುತ್ತದೆ, ಏಕೆಂದರೆ ಅದರ ಮಣ್ಣು ಬೆಂದೂ ಮಣ್ಣಾಗಿಯೇ ಉಳಿದಿರುತ್ತದೆ. ಈ ಹೂದಾನಿಯಾದರೋ ಉಗ್ರಾಗ್ನಿಯಲ್ಲಿ ಬೆಂದು ಕಲ್ಲಾದ ಮಣ್ಣು. ಒಂದು ಹನಿಯನ್ನೂ ಹೊರಬಿಡದು.

ಈ ಕಲ್ಲಿನ ಜನನಕ್ಕೆ ಕಾರಣವಾದದ್ದು ಒಬ್ಬ ಅರಸನ ಅದಮ್ಯ ತೃಷ್ಣೆ. ತಾನು ಬಂಗಾರ ಮಾಡಬಲ್ಲೆನೆಂದು ಸಾರಿದ ಯೋಹಾನ್ ಫ್ರೀಡ್ರಿಶ್ ಬೋಟ್ಗರನೆಂಬ ತರುಣನನ್ನು ಸ್ಯಾಕ್ಸನಿಯ ಅಗಸ್ಟಸ್ ಸೆರೆಯಲ್ಲಿರಿಸಿದ. ಬಂಗಾರ ಹುಟ್ಟಲಿಲ್ಲ. ವಿದ್ವಾಂಸ ಚಿರ್ನ್‌ಹೌಸನ ಒಡನಾಟದಲ್ಲಿ, ಚೀನಾದ ಯಿಶಿಂಗ್ ಚಹಾಪಾತ್ರೆಗಳಿಗೆ ಸರಿಸಾಟಿಯಾದ ಕೆಂಪು ಮೃತ್ತಿಕೆ ಹುಟ್ಟಿತು. 1709ರ ಮಾರ್ಚ್ 28ರಂದು ಶ್ವೇತ ಪಿಂಗಾಣಿಯನ್ನೂ ಮಾಡಬಲ್ಲೆನೆಂದು ಆತ ದೊರೆಗೆ ಬಿನ್ನವಿಸಿದ. ಮರುವರ್ಷ ಮೈಸೆನ್ನಿನ ಕೋಟೆಯಲ್ಲಿ ಕಾರ್ಖಾನೆ ತಲೆಯೆತ್ತಿತು. ಬೋಟ್ಗರ್ 1719ರಲ್ಲಿ, ಮೂವತ್ತೇಳರ ಪ್ರಾಯದಲ್ಲಿ ತೀರಿಕೊಂಡ. ಕಾರ್ಖಾನೆ ತಲೆಯೆತ್ತಿದ ಮೇಲೂ ಅಗಸ್ಟಸನ ಮೋಹ ಮಾತ್ರ ತಣಿದಿರಲಿಲ್ಲ: 1717ರಲ್ಲಿ ಆತ ಪ್ರಷ್ಯದ ದೊರೆಗೆ 600 ಅಶ್ವಾರೋಹಿಗಳನ್ನು ಒಪ್ಪಿಸಿ 151 ಚೀನೀ ಪಿಂಗಾಣಿ ಪಾತ್ರೆಗಳನ್ನು ಪಡೆದಿದ್ದ. ಮನುಷ್ಯರನ್ನು ಮಡಕೆಗೆ ತೂಗಿದ ಆ ವಿನಿಮಯ ಅವನ ಕೀರ್ತಿಯ ಮೇಲಿನ ಅಳಿಸಲಾಗದ ಕಲೆಯೆಂದೇ ನಾನು ಬಗೆಯುತ್ತೇನೆ.

ಅದೇ ಶತಮಾನದ ಕೊನೆಯಲ್ಲಿ, ಅದೇ ವಿದ್ಯೆಯ ಬಯಕೆ ನಮ್ಮ ಕಾವೇರಿಯ ನಡುಗಡ್ಡೆಯಲ್ಲೂ ಅಂಕುರಿಸಿತು. ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯ ಮುಂದೆ ನಿಂತರು. ಅವರು ಸೈನ್ಯ ಸಹಾಯವನ್ನಷ್ಟೇ ಯಾಚಿಸಲಿಲ್ಲ. ಫಿರಂಗಿ ಎರಕದವರು, ಗಡಿಯಾರದವರು, ಗಾಜಿನವರು, ಪಿಂಗಾಣಿ ಕುಶಲಿಗಳು ಶ್ರೀರಂಗಪಟ್ಟಣಕ್ಕೆ ಬರಲೆಂದು ಕೋರಿದರು. ಸೇವ್ರ್ ಕಾರ್ಖಾನೆಯ ಪಿಂಗಾಣಿ ಉಡುಗೊರೆಯಾಗಿ ದೊರೆಯಿತು, ಸೈನ್ಯ ದೊರೆಯಲಿಲ್ಲ. ಮರುವರ್ಷವೇ ಫ್ರಾನ್ಸಿನಲ್ಲಿ ಕ್ರಾಂತಿಯ ಜ್ವಾಲೆ ಎದ್ದಿತು. 1793ರಲ್ಲಿ ಉಡುಗೊರೆ ಕೊಟ್ಟ ಲೂಯಿಯೇ ಇಲ್ಲವಾದ. ಅಷ್ಟರೊಳಗೆ, ಬ್ರಿಟಿಷರ ಬಣದೊಂದಿಗಿನ 1792ರ ಒಪ್ಪಂದದಲ್ಲಿ ಮೈಸೂರು ತನ್ನ ಅರ್ಧ ರಾಜ್ಯವನ್ನು ಕಳೆದುಕೊಂಡು, ಸುಲ್ತಾನನ ಇಬ್ಬರು ಪುತ್ರರನ್ನು ಒತ್ತೆಯಿಟ್ಟಿತ್ತು.

1799ರ ವಸಂತದಲ್ಲಿ ವಿಧಿ ಮತ್ತೊಮ್ಮೆ ಬಾಗಿಲು ಬಡಿಯಿತು. ಮದ್ದೂರು ಹೊಳೆಯ ದಡದಲ್ಲಿ ಬೀಡುಬಿಟ್ಟಿದ್ದ ಟಿಪ್ಪು, ಬ್ರಿಟಿಷ್ ಜನರಲ್ ಹ್ಯಾರಿಸನ ದಂಡನ್ನು ಎದುರಿಸಲು ಮಳವಳ್ಳಿಯತ್ತ ಸರಿದ. ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಕಾಳಗ ನಡೆಯಿತು. ಬೋಟ್ಗರನ ಬಿನ್ನವತ್ತಳೆಗೆ ತೊಂಬತ್ತು ವರ್ಷ ತುಂಬಲು ಅಂದಿಗೆ ಒಂದೇ ದಿನ ಉಳಿದಿತ್ತು. ಎಡಗಡೆಯಲ್ಲಿ ಆರ್ಥರ್ ವೆಲ್ಲೆಸ್ಲಿಯ ಪಡೆ ಮುನ್ನುಗ್ಗಿತು, ಮೈಸೂರಿನ ಕಾಲಾಳು ಹಿಮ್ಮೆಟ್ಟಿತು. ಹ್ಯಾರಿಸ್ ಸೋಸಲೆಯಲ್ಲಿ ಕಾವೇರಿ ದಾಟಿದ. ಮೇ 4ರಂದು ಕೋಟೆ ಬಿತ್ತು, ಸುಲ್ತಾನ ಕಾದಾಡುತ್ತಲೇ ಮಡಿದ. ವಿಜೇತರು ಅವನ ಹೊನ್ನಿನ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಅದರ ಹುಮಾ ಪಕ್ಷಿ ಇಂದು ಬ್ರಿಟನ್ನಿನ ರಾಜಸಂಗ್ರಹದಲ್ಲಿದೆ. ಸುಲ್ತಾನನ ಯಾಂತ್ರಿಕ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ.

ಅಗಸ್ಟಸನಿಗೆ ಮಣ್ಣಿನ ಗುಟ್ಟು ಬಿಡಿಸಲು ಕಾಲಾವಕಾಶ ಸಿಕ್ಕಿತು, ಟಿಪ್ಪುವಿಗೆ ಸಿಗಲಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ ನೋಡಲು ಹೊರಟ ಬಂಧುಗಳೇ, ದಾರಿಯನ್ನು ತುಸು ಬಳಸಿ ಮಳವಳ್ಳಿಯಲ್ಲೂ ಒಂದು ಗಳಿಗೆ ನಿಂತು ಬನ್ನಿ.