ಜಲೌಕೆ, ಇಂಬಳ ಮತ್ತು ರಕ್ತಸ್ಕಂದನ

ಮಳೆಗಾಲದಲ್ಲಿ ಮೂಡಿಗೆರೆ, ಕಳಸಗಳ ಕಾಫಿತೋಟಗಳನ್ನು ಹೊಕ್ಕವರಿಗೆ ಇಂಬಳದ ಪರಿಚಯವನ್ನು ಹೇಳಬೇಕಾದುದಿಲ್ಲ. ಕಚ್ಚಿದುದು ತಿಳಿಯುವುದಿಲ್ಲ, ಹೊಟ್ಟೆ ತುಂಬಿ ಅದು ತಾನಾಗಿ ಉದುರಿದ ಬಳಿಕವೂ ಗಾಯದಿಂದ ನೆತ್ತರು ಬಹು ಹೊತ್ತು ಒಸರುತ್ತಿರುವುದು. ಮುಳ್ಳು ಗೀರಿದ ಗಾಯವು ಬೇಗನೆ ಕಟ್ಟಿಕೊಳ್ಳುವಾಗ ಇದೇಕೆ ಕಟ್ಟದು? ಈ ಪ್ರಶ್ನೆಗೆ ಉತ್ತರವು ದೊರೆತ ಬಗೆಯನ್ನೂ, ಸುಶ್ರುತಸಂಹಿತೆಗೆ ಅದರೊಡನಿರುವ ಸಂಬಂಧವನ್ನೂ ವಿಚಾರಿಸುವುದು ಈ ಲೇಖನದ ಉದ್ದೇಶ.

ಸುಶ್ರುತನ ಸೂತ್ರಸ್ಥಾನದ 13ನೆಯ ಅಧ್ಯಾಯವು ಜಲೌಕೆಗಳಿಗೆ ಮೀಸಲು. ಅವು 12 ಬಗೆ. ಕೃಷ್ಣಾ, ಕರ್ಬುರಾ ಮೊದಲಾದ 6 ಸವಿಷಗಳು, ಕಪಿಲಾ, ಪಿಂಗಲಾ ಮೊದಲಾದ 6 ನಿರ್ವಿಷಗಳು. ಜಲವೇ ಓಕಸ್ಸು, ಎಂದರೆ ಮನೆ, ಆದುದರಿಂದ ಆ ಹೆಸರೆಂದು ಗ್ರಂಥಕಾರನೇ ನಿರ್ವಚನ ಮಾಡಿರುವನು. ನಮ್ಮ ಇಂಬಳವಾದರೋ ತರಗೆಲೆಗಳ ನಡುವೆ ನೆಲದ ಮೇಲಿರತಕ್ಕದ್ದು. ಆದಕಾರಣ ಜಲೌಕೆಯನ್ನು ಕನ್ನಡಿಸುವಾಗ ಜಿಗಣೆಯೆಂದೇ ಬರೆಯಬೇಕು; ಇಂಬಳವೆಂದರೆ ಶಬ್ದಾರ್ಥವೇ ಕೆಡುವುದು. ಪಾಠ ಹೇಳುವವರು ಈ ಭೇದವನ್ನು ಅಲ್ಪವೆಂದು ಬಿಡಬಾರದು. ಮುಂದೆ ಇದು ಪ್ರಯೋಜನಕ್ಕೆ ಬರುವುದು.

ನೆತ್ತರನ್ನು ಹೆಪ್ಪುಗಟ್ಟಿಸುವ ಕಿಣ್ವವನ್ನು 1872ರಲ್ಲಿ ಅಲೆಕ್ಸಾಂಡರ್ ಸ್ಮಿತ್ ಎಂಬ ಶರೀರವಿಜ್ಞಾನಿಯು ನಿರೂಪಿಸಿದನು. ಇದೇ ಥ್ರಾಂಬಿನ್. ಯಕೃತ್ತಿನಲ್ಲಿ ಹುಟ್ಟಿ, ಪ್ರೋಥ್ರಾಂಬಿನ್ ಎಂಬ ಜಡರೂಪದಲ್ಲಿ ರಕ್ತದೊಡನೆ ಸಂಚರಿಸುತ್ತ, ಗಾಯವಾದಲ್ಲಿ ಇದು ಎಚ್ಚರಗೊಳ್ಳುವುದು. ಆಗ ಫೈಬ್ರಿನೊಜೆನ್ ಎಂಬ ಪ್ರೋಟೀನಿನಿಂದ ಸಣ್ಣ ಪೆಪ್ಟೈಡುಗಳನ್ನು ಕತ್ತರಿಸಿ ಬಿಡುವುದು. ಉಳಿದ ಭಾಗಗಳು ಒಂದಕ್ಕೊಂದು ಕೂಡಿ ನೂಲಾಗಿ, ಬಲೆಯಾಗಿ, ರಕ್ತಕಣಗಳನ್ನು ಹಿಡಿಯುವುವು. ಕತ್ತರಿಸುವುದರಿಂದಲೇ ಕಟ್ಟುವುದೆಂಬುದು ಸೋಜಿಗವೇ ಸರಿ. ಕುಸುಮರೋಗದಲ್ಲಿ, ರಕ್ತದ 8ನೆಯ ಅಥವಾ 9ನೆಯ ಸ್ಕಂದನಾಂಶದ ಕೊರತೆಯಿಂದ, ಥ್ರಾಂಬಿನ್ ಸಾಲದೆ ನೆತ್ತರು ನಿಲ್ಲದು. ಹೃದಯದ ಅಥವಾ ಮಿದುಳಿನ ಧಮನಿಯಲ್ಲಿ ಅಕಾಲದಲ್ಲಿ ಹೆಪ್ಪು ಕಟ್ಟಿದರೆ ಹೃದಯಾಘಾತ, ಪಕ್ಷಾಘಾತಗಳು ಬರುವುವು.

1884ರಲ್ಲಿ ಹೇಕ್ರಾಫ್ಟನು ಜಿಗಣೆಯ ಸಾರವು ನೆತ್ತರನ್ನು ಹೆಪ್ಪುಗಟ್ಟಲೀಯದೆಂದು ತೋರಿಸಿದನು. ಆ ದ್ರವ್ಯಕ್ಕೆ ಹಿರುಡಿನ್ ಎಂದು ಹೆಸರಾಯಿತು. 1924ರಲ್ಲಿ ಜರ್ಮನಿಯ ಗಯೋರ್ಗ್ ಹಾಸನು ಮನುಷ್ಯನ ರಕ್ತವನ್ನು ಯಂತ್ರದಲ್ಲಿ ಮೊದಲು ಶೋಧಿಸಿದಾಗ ಅದು ಹೆಪ್ಪುಗಟ್ಟದಂತೆ ಬಳಸಿದುದು ಇದನ್ನೇ. ಇಂಬಳದ ಕುಲದ ಹೀಮಡಿಪ್ಸಾ ಸಿಲ್ವೆಸ್ಟ್ರಿಸ್ ಎಂಬ ನೆಲಜಿಗಣೆಯಿಂದ ದೊರೆತ ಹೀಮಡಿನ್ 1993ರಲ್ಲಿ ವರ್ಣಿತವಾಯಿತು. ಎರಡೂ ಥ್ರಾಂಬಿನ್ನಿನ ಕತ್ತರಿಸುವ ಬಾಯನ್ನೇ ಮುಚ್ಚುವುವು. ಆದರೆ ಹಿರುಡಿನ್ನಿನ ಬಾಲವು ಕಿಣ್ವದ ಒಂದು ಪಕ್ಕವನ್ನೂ ಹೀಮಡಿನ್ನಿನದು ಬೇರೊಂದು ಪಕ್ಕವನ್ನೂ ಹಿಡಿಯುವುದೆಂದು 2000ದಲ್ಲಿ ತಿಳಿದುಬಂದಿತು. ನೀರಿನದೂ ನೆಲದ್ದೂ ಹೆಸರಿನಲ್ಲಿ ಮಾತ್ರವಲ್ಲ, ಉಪಾಯದಲ್ಲಿಯೂ ಬೇರೆಯೇ.

ಇಷ್ಟನ್ನೂ ಪ್ರಾಚೀನರು ಬಲ್ಲವರಾಗಿದ್ದರೆಂದು ಸಾಧಿಸಹೊರಡುವವರುಂಟು. ಅದು ನನಗೆ ಸಮ್ಮತವಲ್ಲ. ಜಲೌಕೆಯು ದುಷ್ಟರಕ್ತವನ್ನೇ ಮೊದಲು ಹೀರುವುದೆಂದು, ಹಂಸಕ್ಷೀರನ್ಯಾಯದಿಂದ, ವಾಗ್ಭಟನು ಭಾವಿಸಿದನು. ಸ್ಕಂದನವನ್ನು ತಡೆಯುವ ದ್ರವ್ಯದ ಮಾತು ಅಲ್ಲಿಲ್ಲ. ಆದರೆ ಕಣ್ಣಿಗೆ ಕಂಡುದನ್ನು ಅವರು ಬಿಟ್ಟಿಲ್ಲ. ಜಲೌಕೆಯ ವ್ರಣಕ್ಕೆ ಜೇನು ಸವರಿ, ತಣ್ಣೀರೆರೆದು, ಬೇಕಾದರೆ ಕಟ್ಟಿ, ಒಗರಿನ ಲೇಪವನ್ನು ಹಾಕಬೇಕೆಂದು ಸುಶ್ರುತನ ವಿಧಿ. ಮರು ಅಧ್ಯಾಯದಲ್ಲಿ ರಕ್ತವನ್ನು ನಿಲ್ಲಿಸಲು ಹೇಳಿದ ಸಂಧಾನ, ಸ್ಕಂದನ, ಪಾಚನ, ದಹನಗಳೆಂಬ 4 ಉಪಾಯಗಳಲ್ಲಿ ಒಗರು ಸಂಧಾನಕ್ಕೂ ಶೀತವು ಸ್ಕಂದನಕ್ಕೂ ಸಾಧನಗಳಾಗಿವೆ. ಉದುರಿದ ಜಿಗಣೆಯ ಹಿಂದೆ ನೆತ್ತರು ಉಳಿದು ಹರಿಯುವುದನ್ನು ಕಂಡೇ ಈ ವಿಧಿಯು ಹುಟ್ಟಿರಬೇಕು.